ರಾತ್ರಿ ಕಾಡಿನಲ್ಲಿ ಓಡಾಡುವ ಬೆಳಕು ಯಾರದ್ದು? ಅರಣ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕೆನರಾ ವೃತ್ತದ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳು, ಶಿರಸಿ,
ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಿರ್ದೇಶಕರು, ದಾಂಡೇಲಿ,
ಉತ್ತರ ಕನ್ನಡ ಜಿಲ್ಲಾಧಿಕಾರಿಗಳು, ಕಾರವಾರ
ಇವರಿಗೆ ನಮಸ್ಕಾರಗಳು.

ಮಾನ್ಯರೇ,

ನೇರವಾಗಿ ವಿಷಯಕ್ಕೇ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ರಾತ್ರಿ ಊಟ ಮುಗಿದ ಮೇಲೆ ಪ್ರವಾಸಿಗರನ್ನು ಜೀಪಿಗೆ ಹತ್ತಿಸಿಕೊಂಡು, ಕೈಯಲ್ಲಿ ಸರ್ಚ್‌ಲೈಟ್ ಹಿಡಿದು, ಕಾಡಿನ ರಸ್ತೆಯಲ್ಲಿ ಪ್ರಾಣಿ ಹುಡುಕುತ್ತಾ ಸುತ್ತುವ ವ್ಯವಹಾರ ಜಾಸ್ತಿಯಾಗುತ್ತಿದೆ. ಮೊದಲು ದಾಂಡೇಲಿ, ಗಣೇಶಗುಡಿ, ಜೋಯಿಡಾ ಸುತ್ತ ಕಾಣುತ್ತಿತ್ತು. ಈಗ ಯಲ್ಲಾಪುರ, ಶಿರಸಿ, ಸಿದ್ದಾಪುರದ ಕಡೆಯೂ ಕಾಣುತ್ತಿದೆ. ಕೆಲವರು ಇದಕ್ಕೆ ನೈಟ್ ಸಫಾರಿ ಅನ್ನುತ್ತಾರೆ. ಇನ್ನು ಕೆಲವರು ಸುಮ್ನೆ "ಒಂದು ರೌಂಡ್ ಹೊಡೆದು ಬರೋಣ" ಅನ್ನುತ್ತಾರೆ. ಹೆಸರು ಏನೇ ಇರಲಿ, ಇದು ನಿಲ್ಲಬೇಕು. ನಿಲ್ಲಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ.

ಪ್ರಾಣಿಗಳಿಗೆ ತೊಂದರೆ ಆಗುತ್ತದೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನೂ ಮುಂದೆ ಹೇಳುತ್ತೇನೆ. ಆದರೆ ನಾನು ಈ ಪತ್ರ ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಕತ್ತಲಾದ ಮೇಲೆ ಕಾಡಿನೊಳಗೆ ಒಂದು ಬೆಳಕು ಓಡಾಡಿದರೆ, ಅದು ಕಳ್ಳಬೇಟೆಯವರದ್ದು ಎಂದು ಹೇಳುವಂತಿರಬೇಕು. ನಿಮ್ಮ ಗಾರ್ಡ್‌ಗೂ ಹೇಳುವಂತಿರಬೇಕು, ಊರಿನವರಿಗೂ ಹೇಳುವಂತಿರಬೇಕು. ಈಗ ಹಾಗೆ ಹೇಳಲು ಆಗುತ್ತಿಲ್ಲ.

ನಾನು ಯಲ್ಲಾಪುರ ತಾಲೂಕಿನ ತೋಟಿಗ. ನಮ್ಮ ಮನೆಯ ಮೇಲ್ಗಡೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅದರಾಚೆ ಮೀಸಲು ಅರಣ್ಯ. ನಡುವೆ ಬೇಲಿ ಇಲ್ಲ, ಗೇಟಿಲ್ಲ, ಟಿಕೆಟ್ ಕೌಂಟರ್ ಇಲ್ಲ. ಈ ಜಿಲ್ಲೆಯ ಹೆಚ್ಚಿನ ಹಳ್ಳಿಗಳು ಇರುವುದೇ ಹೀಗೆ. 10,291 ಚದರ ಕಿಲೋಮೀಟರಿನ ಜಿಲ್ಲೆ, ಅದರಲ್ಲಿ ಬಹುಪಾಲು ಕಾಡು. ಆ ಕಾಡಿನಲ್ಲಿ ಒಂದು ಭಾಗ ಮಾತ್ರ ಹುಲಿ ಸಂರಕ್ಷಿತ ಪ್ರದೇಶ. ಉಳಿದದ್ದೆಲ್ಲ ಊರು, ತೋಟ, ಗದ್ದೆ, ರಸ್ತೆಗಳ ಜೊತೆ ಬೆರೆತುಕೊಂಡೇ ಇದೆ. ಕಾಡುಕೋಣಕ್ಕೆ ಇದು ಸಂರಕ್ಷಿತ, ಇದು ಅಲ್ಲ ಎಂಬ ಗಡಿ ಗೊತ್ತಿಲ್ಲ. ಕಳ್ಳಬೇಟೆಯವನಿಗೆ ಚೆನ್ನಾಗಿ ಗೊತ್ತು.

ಹಳೆಯ ಕಾಲದಿಂದಲೂ ನಮ್ಮ ಕಡೆ ರಾತ್ರಿ ಬೇಟೆಯ ಮುಖ್ಯ ಆಯುಧ ಬಂದೂಕಲ್ಲ, ಬ್ಯಾಟರಿ. ತಲೆಗೆ ಕಟ್ಟಿಕೊಂಡ ಬೆಳಕು ಕಣ್ಣಿಗೆ ಬಿದ್ದ ಕೂಡಲೇ ಕಡವೆ, ಕಾಡುಕುರಿ, ಮೊಲ ನಿಂತಲ್ಲೇ ನಿಲ್ಲುತ್ತವೆ. ಕಣ್ಣಿನ ಹಿಂಪದರ ಬೆಳಕನ್ನು ವಾಪಸ್ ಹೊಡೆಯುತ್ತದೆ. ಎರಡು ಚುಕ್ಕಿ ಹೊಳೆಯುತ್ತವೆ. ಗುರಿ ಇಡಲು ಅಷ್ಟು ಸಾಕು. ಬೇಟೆಯವರು ಇದನ್ನು ತಲೆಮಾರುಗಳಿಂದ ಬಲ್ಲರು. ಜೀಪಿನವರು ಈಗ ಮಾಡುತ್ತಿರುವುದೂ ಇದನ್ನೇ. ಕೊನೆಯಲ್ಲಿ ಬಂದೂಕಿನ ಬದಲು ಮೊಬೈಲ್ ಎತ್ತುತ್ತಾರೆ, ಅಷ್ಟೇ ವ್ಯತ್ಯಾಸ.

ಊರಿನವರು ಮೊದಲು ಏನು ಮಾಡುತ್ತಿದ್ದರು ಕೇಳಿ. ಜಗಲಿಯಲ್ಲಿ ಕೂತಿದ್ದಾಗಲೋ, ಗದ್ದೆಯ ಮಾಳದಲ್ಲಿ (ಕಾವಲು ಅಟ್ಟಣಿಗೆಯಲ್ಲಿ) ಹಂದಿ ಬಾರದಂತೆ ಕಾಯುತ್ತಿದ್ದಾಗಲೋ ಮೇಲಿನ ಕಾನಿನಲ್ಲಿ ಬೆಳಕು ಅತ್ತಿತ್ತ ಆಡಿದರೆ ಸಂಶಯ ಬರುತ್ತಿತ್ತು. "ಯಾರೋ ಶಿಕಾರಿಗೆ ಬಂದ್ರು" ಅನ್ನುವ ಮಾತು ಮನೆಯಿಂದ ಮನೆಗೆ ಹೋಗುತ್ತಿತ್ತು. ಯಾರಾದರೂ ಒಬ್ಬರು ಗಾರ್ಡ್‌ಗೆ ಫೋನ್ ಮಾಡುತ್ತಿದ್ದರು. ಎಲ್ಲ ಸಲ ಅಲ್ಲ, ಎಲ್ಲರೂ ಅಲ್ಲ. ಆದರೂ ಹಾಗೊಂದು ಎಚ್ಚರ ಇತ್ತು. ಈಗ ಬೆಳಕು ಕಂಡರೆ "ಹೋಂಸ್ಟೇಯವರ ಗೆಸ್ಟು ಇರಬೇಕು" ಅಂದುಕೊಂಡು ಮಗ್ಗಲು ಬದಲಿಸುತ್ತಾರೆ. ಶಿರಸಿಯ ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಿನಲ್ಲಿ ಕಿಸೆಗಳ್ಳರಿಗೆ ಎಷ್ಟು ಅನುಕೂಲವೋ, ಇಷ್ಟೊಂದು ಬೆಳಕಿನ ನಡುವೆ ಕಳ್ಳಬೇಟೆಯವರಿಗೆ ಅಷ್ಟೇ ಅನುಕೂಲ.

ನಿಮ್ಮ ಸಿಬ್ಬಂದಿಯ ಕಡೆಯಿಂದ ಯೋಚಿಸಿ. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಇರುವವರಲ್ಲಿ ಎಷ್ಟೋ ಜನ ಇದೇ ಕಾಡಿನ ಮಕ್ಕಳು. ಕುಣಬಿಯರು, ಗೌಳಿಗಳು, ಸಿದ್ದಿಗಳು. ಬಹಳಷ್ಟು ಮಂದಿ ಹಂಗಾಮಿ ಕೆಲಸದವರು. ಮಳೆಗಾಲದಲ್ಲಿ ಉಂಬಳ ಕಚ್ಚಿಸಿಕೊಂಡು, ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಕಾದುಕೊಂಡು ಗಸ್ತು ತಿರುಗುವವರು. ರಾತ್ರಿ ಎರಡು ಮೈಲು ದೂರದಲ್ಲಿ ಒಂದು ಬೆಳಕು ಕಂಡರೆ ಅವರು ಇಳಿಜಾರು ಇಳಿದು, ಹಳ್ಳ ದಾಟಿ, ಜೀವ ಕೈಯಲ್ಲಿ ಹಿಡಿದು ಅಲ್ಲಿಗೆ ಹೋಗಬೇಕು. ಹೋಗಿ ನೋಡಿದರೆ ಹುಬ್ಬಳ್ಳಿಯದ್ದೋ, ಗೋವಾದ್ದೋ, ಪುಣೆಯದ್ದೋ ಗೆಸ್ಟುಗಳು. ಜೊತೆಗೆ ಪರಿಚಯದ ಡ್ರೈವರ್. "ಏನೂ ಇಲ್ಲ ಸರ್, ಸುಮ್ನೆ ಬಂದಿದ್ವಿ." ಹೀಗೆ ನಾಲ್ಕು ಸಲ ಆದ ಮೇಲೆ ಐದನೇ ಸಲ ಕಂಡ ಬೆಳಕಿನ ಹಿಂದೆ ಆ ಹುಡುಗ ಅದೇ ಹುರುಪಿನಲ್ಲಿ ಹೋಗುತ್ತಾನಾ? ಆ ಐದನೆಯದ್ದು ನಾಡಬಂದೂಕಿನವರದ್ದೇ ಆಗಿದ್ದರೆ?

ಕಾಡುಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಸಿಕ್ಕಿಕೊಳ್ಳುತ್ತದೆ. ಆಹಾರದ ಉಂಡೆಯಲ್ಲಿ ಅಡಗಿಸಿಟ್ಟ ಕಚ್ಚಾ ಬಾಂಬು ಕಚ್ಚಿ ದನದ ದವಡೆ ಹಾರಿಹೋಗುತ್ತದೆ. ಇದೆಲ್ಲ ನಮ್ಮ ಕಡೆಯ ಕಾಡಿನಂಚಿನವರಿಗೆ ಹೊಸದಲ್ಲ. ಇವನ್ನು ಇಡುವುದು, ನೋಡಿಕೊಂಡು ಹೋಗುವುದು ಎಲ್ಲ ರಾತ್ರಿಯೇ. ಆ ಕೆಲಸಕ್ಕೆ ಬರುವವನಿಗೆ ಕತ್ತಲೆ ಎಷ್ಟು ಬೇಕೋ, ತನ್ನ ಬೆಳಕನ್ನು ಯಾರೂ ಪ್ರಶ್ನಿಸದ ವಾತಾವರಣವೂ ಅಷ್ಟೇ ಬೇಕು. ಅದನ್ನು ನಾವೇ ಅವನಿಗೆ ಮಾಡಿಕೊಡುತ್ತಿದ್ದೇವೆ.

ಇದೆಲ್ಲ ಯಾಕೆ ಬೆಳೆಯಿತು ಅನ್ನುವುದನ್ನೂ ನೋಡಬೇಕು. ಕಾಳಿ ಕಾಡು ನಾಗರಹೊಳೆ, ಕಬಿನಿಯ ಹಾಗಲ್ಲ. ಅಲ್ಲಿ ಹಿನ್ನೀರಿನ ಬಯಲಿದೆ, ಬೇಸಿಗೆಯಲ್ಲಿ ಆನೆ ಹಿಂಡು ಕಣ್ಣೆದುರೇ ನಿಲ್ಲುತ್ತದೆ. ನಮ್ಮದು ದಟ್ಟ ಕಾಡು. ಅಣಶಿ ಘಟ್ಟದಲ್ಲಿ ಹತ್ತು ಹೆಜ್ಜೆ ಆಚೆ ಕಾಡುಕೋಣ ನಿಂತಿದ್ದರೂ ಗೊತ್ತಾಗುವುದಿಲ್ಲ. ದಾಂಡೇಲಿ ಅಭಯಾರಣ್ಯ 1956ರಿಂದಲೂ ಇದೆ. ಅದನ್ನೂ ಅಣಶಿ ರಾಷ್ಟ್ರೀಯ ಉದ್ಯಾನವನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು, 2015ರಲ್ಲಿ ಕಾಳಿ ನದಿಯ ಹೆಸರು ಬಂತು. ಕರಿಚಿರತೆಯ ಫೋಟೊಗಳು ಎಲ್ಲೆಡೆ ಹರಿದಾಡಿದವು. ದೂರದಿಂದ ಬಂದವರು ಅದನ್ನೇ ನೋಡಬೇಕು ಅಂದುಕೊಂಡು ಬರುತ್ತಾರೆ. ಫಣಸೋಲಿಯಿಂದ ಹಗಲಿನ ಸಫಾರಿಗೆ ಹೋಗಿ, ಒಂದೆರಡು ಚುಕ್ಕೆ ಜಿಂಕೆ, ಒಂದು ಕೆಂದಳಿಲು ನೋಡಿ, ಬೇಜಾರು ಮಾಡಿಕೊಂಡು ರೂಮಿಗೆ ಬರುತ್ತಾರೆ. ಆಗ ಶುರುವಾಗುತ್ತದೆ, "ರಾತ್ರಿ ಹೋದ್ರೆ ಗ್ಯಾರಂಟಿ ಕಾಣ್ತದೆ" ಅನ್ನುವ ಮಾತು.

ರಾತ್ರಿ ಹೋದರೆ ಕಾಣುವುದು ನಿಜವೇ. ರಸ್ತೆ ಬದಿಯಲ್ಲಿ ಬಿಸಿಲು ಬೀಳುವುದರಿಂದ ಹುಲ್ಲು ಚೆನ್ನಾಗಿ ಬರುತ್ತದೆ. ಹಗಲು ವಾಹನಕ್ಕೆ ಹೆದರಿ ಒಳಗಿದ್ದ ಕಾಡುಕೋಣ, ಕಡವೆಗಳು ರಾತ್ರಿ ಆ ಹುಲ್ಲಿಗೆ ಬರುತ್ತವೆ. ಕಾದ ಡಾಂಬರು ತಡವಾಗಿ ತಣಿಯುವುದರಿಂದ ಹಾವುಗಳು ಬಂದು ಮಲಗುತ್ತವೆ. ಮಳೆಗಾಲದಲ್ಲಿ ಕಪ್ಪೆಗಳು ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗುತ್ತಲೇ ಇರುತ್ತವೆ. ಪ್ರಾಣಿಗಳಿಗೆ ನಾವು ಹಗಲಿನಲ್ಲಿ ಬಿಟ್ಟುಕೊಡದ ಜಾಗವನ್ನು ಅವು ರಾತ್ರಿ ಬಳಸಿಕೊಳ್ಳುತ್ತಿವೆ. ಆ ರಾತ್ರಿಯನ್ನೂ ಬಿಡುವುದಿಲ್ಲ ಅಂದರೆ ಅವು ಹೋಗುವುದಾದರೂ ಎಲ್ಲಿಗೆ?

ಎಲ್ಲಿಗೆ ಹೋಗುತ್ತವೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಮನೆಯಿಂದ ಸ್ವಲ್ಪ ಮೇಲೆ ರಸ್ತೆಯ ತಿರುವಿನಲ್ಲಿ ಒಂದು ಮೋರಿ ಇದೆ. ಅಲ್ಲಿ ಹುಲ್ಲು ಜಾಸ್ತಿ, ನೀರೂ ಇದೆ. ಕಳೆದ ಚಳಿಗಾಲದಲ್ಲಿ ಒಂದು ಹಿಂಡು ಕಾಡುಕೋಣ ಅಲ್ಲಿಗೆ ಬರುತ್ತಿತ್ತು. ಒಂದು ಎಳೆಯ ಕರು ಜೊತೆಗಿತ್ತು, ಇನ್ನೂ ಮೈ ಕಂದು ಬಣ್ಣ ಬಿಡದ ಕರು. ಒಂದು ರಾತ್ರಿ ಜೀಪು ಬಂದು ತಿರುವಿನಲ್ಲಿ ನಿಂತಿತು. ಎಂಜಿನ್ ಆರಿಸಲಿಲ್ಲ. ಬಿಳಿ ಬೆಳಕು ನೇರ ತಾಯಿಯ ಮುಖಕ್ಕೆ ಬಿತ್ತು. ಅದು ತಲೆ ಎತ್ತಿ ಹಾಗೇ ನಿಂತುಬಿಟ್ಟಿತು. ಬಾಯಿಯ ಹುಲ್ಲು ಬಾಯಲ್ಲೇ ಇತ್ತು. ಕಿವಿ ಮಾತ್ರ ಹಿಂದೆ ಮುಂದೆ ಆಡುತ್ತಿತ್ತು. ಕರು ರಸ್ತೆಯ ಆಚೆ ಬದಿ ದರೆಯ ಕೆಳಗಿತ್ತು, ತಾಯಿ ಈಚೆ ಬದಿ. ಜೀಪಿನೊಳಗಿಂದ "ಇನ್ನೂ ಹತ್ತಿರ, ಇನ್ನೂ ಹತ್ತಿರ" ಅನ್ನುವುದು ನಮ್ಮ ಅಂಗಳಕ್ಕೇ ಕೇಳುತ್ತಿತ್ತು. ತಲೆ ಈಚೆ ತಿರುಗಿಸಲಿ ಎಂದು ಯಾರೋ ಜೀಪಿನ ಬಾಗಿಲು ತಟ್ಟಿದರು.

ಹಿಂಡು ಒಡೆದು ಹೋಯಿತು. ಮೂರ್ನಾಲ್ಕು ಕೋಣ ದರೆ ಇಳಿದು ನೇರ ನಮ್ಮ ಪಕ್ಕದವರ ತೋಟಕ್ಕೆ ನುಗ್ಗಿದವು. ಅಷ್ಟು ಭಾರದ ಪ್ರಾಣಿ ಹೆದರಿ ಓಡುವಾಗ ಅಡಿಕೆ ಸಸಿ, ಏಲಕ್ಕಿ ಹಿಂಡು, ನೀರಿನ ಪೈಪು ಯಾವುದನ್ನೂ ನೋಡುವುದಿಲ್ಲ. ಜೀಪು ಹೋಯಿತು. ಅವರಿಗೆ ಅಂದಿನ ಕೆಲಸ ಮುಗಿಯಿತು. ಕರು ಆಚೆ ಬದಿಯಲ್ಲಿ ಕೂಗುತ್ತಿತ್ತು, ತಾಯಿ ತೋಟದ ಕೆಳಗಿನಿಂದ ಉಸಿರು ಬಿಡುತ್ತಾ ಸುತ್ತುತ್ತಿತ್ತು. ಬೆಳಗಿನ ಜಾವದವರೆಗೂ ನಮಗೆ ನಿದ್ದೆ ಇಲ್ಲ. ಡೈರಿಗೆ ಹಾಲು ಕೊಡಲು ಅದೇ ದಾರಿಯಲ್ಲಿ ಹೋಗಬೇಕಾಗಿದ್ದ ಪಕ್ಕದ ಮನೆಯ ಅತ್ತಿಗೆಯನ್ನು ನಾವೇ ತಡೆದು ನಿಲ್ಲಿಸಿದೆವು. ಕರುವಿನಿಂದ ಬೇರೆಯಾದ ಕಾಡುಕೋಣದ ಎದುರಿಗೆ ಹಾಲಿನ ಕ್ಯಾನ್ ಹಿಡಿದು ಹೋದರೆ ಏನಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಾದ ಮೇಲೆ ನೋಡಿದರೆ ತೋಟದ ನೀರು ಹೋಗುವ ಕಾದಿಗೆ ತುಂಬ ಗೊರಸಿನ ಹೊಂಡ, ಆ ವರ್ಷ ನೆಟ್ಟ ಸಸಿಗಳೆಲ್ಲ ನೆಲಕ್ಕೆ.

ಪಕ್ಕದವರು ಪರಿಹಾರಕ್ಕೆ ಅರ್ಜಿ ಹಾಕಿದರು. ಅರ್ಜಿಯಲ್ಲಿ "ಕಾಡುಪ್ರಾಣಿ ದಾಳಿ" ಎಂದೇ ಬರೆಯಬೇಕು. ಬೇರೆ ಕಾಲಂ ಇಲ್ಲ. ದಾಳಿ ಮಾಡಿದ್ದು ಕಾಡುಕೋಣ ಅಲ್ಲ ಎಂದು ಬರೆಯಲು ಅಲ್ಲಿ ಜಾಗವೇ ಇಲ್ಲ. ಹೀಗೆ ಒಂದೊಂದೇ ದಾಖಲೆ ಸೇರಿ, ನಾಳೆ "ಈ ಭಾಗದಲ್ಲಿ ಕಾಡುಕೋಣದ ಹಾವಳಿ ಜಾಸ್ತಿ" ಎಂದಾಗುತ್ತದೆ. ದೀಪಾವಳಿಯಲ್ಲಿ ಹುಲಿಯಪ್ಪನ ಕಲ್ಲಿಗೆ ಕಾಯಿ ಒಡೆದು, ನಮ್ಮ ದನಕರುವನ್ನು ಕಾಪಾಡಪ್ಪಾ ಎಂದು ಬೇಡಿಕೊಂಡು ಬರುವ ಊರು ನಮ್ಮದು. ಪ್ರಾಣಿಗಳ ಮೇಲೆ ನಮ್ಮ ಜನಕ್ಕೆ ಇಷ್ಟು ವರ್ಷ ಇದ್ದ ಸಹನೆ ಹೀಗೆ ಸವೆದುಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಅಕ್ಟೋಬರ್ ಕಳೆದ ಮೇಲೆ ಭತ್ತ ಹಣ್ಣಾಗುವ ಹೊತ್ತಿಗೆ ಹಳಿಯಾಳ, ಮುಂಡಗೋಡ, ಕಿರವತ್ತಿ ಕಡೆ ಆನೆಗಳು ಬರುತ್ತವೆ. ಆ ದಿನಗಳಲ್ಲಿ ಬೆಳಕು ಹಿಡಿದು ಆನೆ ಹುಡುಕಲು ಹೋಗುವವರೂ ಇದ್ದಾರೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಸಾವು ಆದ ಮೇಲೆ ಎಲ್ಲರೂ ಎಚ್ಚೆತ್ತುಕೊಳ್ಳುತ್ತಾರೆ. ಆಗುವ ಮೊದಲೇ ಎಚ್ಚೆತ್ತುಕೊಳ್ಳಿ ಎಂಬುದಷ್ಟೇ ನನ್ನ ಕೋರಿಕೆ.

ಕಾನೂನು ಇಲ್ಲವೇ ಅಂದರೆ, ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮು ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ಹೋಗಬಾರದು ಎನ್ನುತ್ತದೆ. ಅಲ್ಲಿ ಪ್ರಾಣಿಗಳನ್ನು ಕೆಣಕಬಾರದು, ಪೀಡಿಸಬಾರದು ಎಂದೂ ಅದೇ ಕಲಮಿನಲ್ಲಿದೆ. ಅದೇ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಪ್ರಾಣಿಯನ್ನು ಅಟ್ಟುವುದು, ಅಟ್ಟಲು ಪ್ರಯತ್ನಿಸುವುದು ಕೂಡ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹೆದ್ದಾರಿಯಲ್ಲೇ ವಾಹನ ಸಂಚಾರ ನಿಲ್ಲಿಸಲಾಗಿದೆ. ಎಷ್ಟು ಒತ್ತಡ ಬಂದರೂ ಅದು ಇನ್ನೂ ಉಳಿದಿದೆ. 2025ರ ನವೆಂಬರ್‌ನಲ್ಲಿ ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಹುಲಿ ಕಾಡುಗಳಲ್ಲಿ ರಾತ್ರಿ ಪ್ರವಾಸೋದ್ಯಮ ಪೂರ್ತಿ ಬಂದ್ ಆಗಬೇಕು ಎಂದಿದೆ. ಅಂದಮೇಲೆ ಹುಲಿ ಸಂರಕ್ಷಿತ ಪ್ರದೇಶದೊಳಗೆ ಗೊಂದಲಕ್ಕೆ ಜಾಗವೇ ಇಲ್ಲ.

ಗೊಂದಲ ಇರುವುದು ಹೊರಗೆ. ಸಾರ್ವಜನಿಕ ರಸ್ತೆ ತಾನೇ, ನಾವು ಕಾಡಿಗೆ ಇಳಿದಿಲ್ಲ ತಾನೇ, ನಮ್ಮ ಬೆಟ್ಟದಲ್ಲಿ ತಾನೇ ಹೋಗಿದ್ದು ಎಂಬ ಉತ್ತರಗಳು ಸಿದ್ಧವಾಗಿವೆ. ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟ, ಅಂಕೋಲಾ–ಯಲ್ಲಾಪುರ ನಡುವಿನ ಅರಬೈಲ್ ಘಟ್ಟ, ಕದ್ರಾದಿಂದ ಜೋಯಿಡಾಕ್ಕೆ ಹತ್ತುವ ಅಣಶಿ ಘಟ್ಟ, ಇಲ್ಲೆಲ್ಲ ಬಸ್ಸು, ಲಾರಿ, ಆಂಬುಲೆನ್ಸ್ ಓಡಾಡಲೇಬೇಕು. ಕಾರವಾರದವರು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋಗುವುದೂ ಇದೇ ಘಟ್ಟ ಹತ್ತಿ. ಆ ರಸ್ತೆಗಳನ್ನು ಮುಚ್ಚಿ ಎಂದು ನಾನು ಕೇಳುತ್ತಿಲ್ಲ, ಈ ಜಿಲ್ಲೆಯ ಕಷ್ಟ ಗೊತ್ತಿರುವ ಯಾರೂ ಕೇಳುವುದಿಲ್ಲ. ದಾರಿಯಲ್ಲಿ ಹೋಗುವ ವಾಹನ ಬೇರೆ, ಪ್ರಾಣಿ ಹುಡುಕುವ ವಾಹನ ಬೇರೆ. ಒಂದರ ಬೆಳಕು ರಸ್ತೆಯ ಮೇಲಿರುತ್ತದೆ, ಇನ್ನೊಂದರ ಬೆಳಕು ಮರದ ಮೇಲೆ, ದರೆಯ ಮೇಲೆ, ಹಳ್ಳದೊಳಗೆ ಆಡುತ್ತದೆ. ಚೆಕ್‌ಪೋಸ್ಟಿನ ಯಾವ ವಾಚರ್ ಬೇಕಾದರೂ ಈ ವ್ಯತ್ಯಾಸ ಹೇಳಬಲ್ಲ. ಅವನ ಕೈಯಲ್ಲಿ ಒಂದು ಆದೇಶದ ಪ್ರತಿ ಇರಬೇಕು ಅಷ್ಟೇ.

ಆ ಆದೇಶ ಹೀಗಿರಲಿ ಎಂಬುದು ನನ್ನ ಬೇಡಿಕೆ. ಸೂರ್ಯ ಮುಳುಗಿದ ಮೇಲೆ, ಹುಲಿ ಸಂರಕ್ಷಿತ ಪ್ರದೇಶವೇ ಇರಲಿ, ಮೀಸಲು ಅರಣ್ಯವೇ ಇರಲಿ, ಬೆಟ್ಟವೇ ಇರಲಿ, ಅವುಗಳ ನಡುವಿನ ರಸ್ತೆಯೇ ಇರಲಿ, ಕಾಡುಪ್ರಾಣಿ ತೋರಿಸಲೆಂದು ಬೆಳಕು ಬಿಟ್ಟು ಜನರನ್ನು ಕರೆದೊಯ್ಯುವಂತಿಲ್ಲ. ಕಾರವಾರ, ಯಲ್ಲಾಪುರ, ಹಳಿಯಾಳ, ಶಿರಸಿ, ಹೊನ್ನಾವರ ಐದೂ ವಿಭಾಗಗಳಿಗೆ ಒಂದೇ ಮಾತು. ಹೋಂಸ್ಟೇ ನೋಂದಣಿ ಮಾಡುವಾಗ ಇದನ್ನು ಷರತ್ತಾಗಿ ಸೇರಿಸಿ. ಮೀರಿದರೆ ನೋಂದಣಿ ರದ್ದು. ಇದು ಜಿಲ್ಲಾಧಿಕಾರಿಗಳು ಮತ್ತು ಪ್ರವಾಸೋದ್ಯಮ ಇಲಾಖೆ ಕೂತು ಮಾಡಬಹುದಾದ ಕೆಲಸ, ಹೊಸ ಕಾಯ್ದೆ ಬೇಕಾಗಿಲ್ಲ. ಫಲಕಗಳು ಕನ್ನಡದ ಜೊತೆಗೆ ಮರಾಠಿ, ಕೊಂಕಣಿ, ಹಿಂದಿ, ಇಂಗ್ಲಿಷಿನಲ್ಲೂ ಇರಲಿ. ಬರುವವರಲ್ಲಿ ಬಹಳ ಜನಕ್ಕೆ ಇದು ತಪ್ಪು ಎಂದು ಯಾರೂ ಹೇಳಿಯೇ ಇರುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಅರಣ್ಯ ಸಹಾಯವಾಣಿ 1926 ಇದೆ. ಅಲ್ಲಿಗೆ ಬಂದ ರಾತ್ರಿ ಬೆಳಕಿನ ದೂರು ಅದೇ ಗಂಟೆಯಲ್ಲಿ ಹತ್ತಿರದ ಶಿಬಿರಕ್ಕೆ ತಲುಪಬೇಕು. ಮಾರನೇ ದಿನ ತಲುಪಿದರೆ ಉಪಯೋಗವಿಲ್ಲ. ದೂರು ಕೊಟ್ಟವರ ಹೆಸರು ಹೊರಗೆ ಬರಬಾರದು. ಸಣ್ಣ ಊರುಗಳಲ್ಲಿ ಜೀಪು ಓಡಿಸುವವನೂ ಫೋನ್ ಮಾಡುವವನೂ ಒಂದೇ ಸೊಸೈಟಿಯ ಸದಸ್ಯರು. ಹೆಸರು ಹೊರಬಿದ್ದರೆ ಯಾರೂ ಫೋನ್ ಎತ್ತುವುದಿಲ್ಲ. ಮತ್ತೆ ನಿಮ್ಮ ವಾಚರ್‌ಗಳಿಗೆ ಸಂಬಳ ಹೊತ್ತಿಗೆ ಸರಿಯಾಗಿ ಸಿಗಲಿ, ಒಳ್ಳೆ ಬೂಟು ಸಿಗಲಿ, ಒಳ್ಳೆ ಬ್ಯಾಟರಿ ಸಿಗಲಿ. ರಾತ್ರಿಯ ಕಾಡಿನಲ್ಲಿ ಬೆಳಕು ಹಿಡಿಯುವ ಹಕ್ಕು ಇರುವುದು ಅವರಿಗೆ.

ಹೋಂಸ್ಟೇ ನಡೆಸುವ ನನ್ನ ನೆಂಟರು, ಗೆಳೆಯರು ಈ ಪತ್ರ ಓದಿ ಸಿಟ್ಟಾಗಬಹುದು. ನಿಮ್ಮ ಕಷ್ಟ ನನಗೆ ಗೊತ್ತು. ಅಡಿಕೆಯ ಕೊಳೆರೋಗ ಹೋಗದು, ಈಗ ಎಲೆಚುಕ್ಕಿ ರೋಗವೂ ಸೇರಿ ತೋಟ ಬೋಳಾಗುತ್ತಿದೆ. ಹುಡುಗರು ಬೆಂಗಳೂರು ಬಿಟ್ಟು ಮನೆಗೆ ಬಂದು, ಸಾಲ ಮಾಡಿ ಎರಡು ರೂಮು ಕಟ್ಟಿ, ನಾಲ್ಕು ಜನಕ್ಕೆ ಊಟ ಹಾಕಿ ಬದುಕು ಮಾಡುತ್ತಿದ್ದಾರೆ. ಅವರು ಬಂದದ್ದರಿಂದಲೇ ಎಷ್ಟೋ ಮನೆಗಳಲ್ಲಿ ದೀಪ ಉರಿಯುತ್ತಿದೆ. ಅವರ ಹೊಟ್ಟೆಗೆ ಹೊಡೆಯುವುದು ನನ್ನ ಉದ್ದೇಶ ಖಂಡಿತ ಅಲ್ಲ. ನಿಮ್ಮಲ್ಲಿ ಹೆಚ್ಚಿನವರು ಇದನ್ನು ಮಾಡುವುದೂ ಇಲ್ಲ. ಮಾಡದವರಿಗೇ ನಷ್ಟ ಆಗುತ್ತಿದೆ. "ಪಕ್ಕದವರು ರಾತ್ರಿ ಕರ್ಕೊಂಡು ಹೋಗ್ತಾರಂತೆ, ನೀವು ಯಾಕೆ ಹೋಗಲ್ಲ?" ಅಂತ ಗೆಸ್ಟುಗಳು ಕೇಳುತ್ತಾರೆ. ಎಲ್ಲರಿಗೂ ಒಂದೇ ನಿಯಮ ಬಂದರೆ ಮೊದಲು ನೆಮ್ಮದಿ ಸಿಗುವುದು ನಿಯತ್ತಾಗಿ ನಡೆಸುವವರಿಗೆ.

ಹಾಗಾದರೆ ರಾತ್ರಿ ಕಾಡನ್ನು ಯಾರೂ ಅನುಭವಿಸಲೇಬಾರದಾ? ಹಾಗಲ್ಲ. ನನಗೆ ರಾತ್ರಿಯ ಕಾಡು ಎಂದರೆ ಪ್ರಾಣ. ಆದರೆ ಅದಕ್ಕೆ ಜೀಪು ಬೇಡ. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಸಲ ಮೊಬೈಲ್ ಹಚ್ಚಿದರೆ ಮತ್ತೆ ಮೊದಲಿನಿಂದ. ಊಟ ಮುಗಿಸಿ, ಎಲ್ಲ ದೀಪ ಆರಿಸಿ, ಜಗಲಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಲಿ ನೋಡೋಣ. ಅಂಗಳದಾಚೆಯ ಮರಗಳ ಆಕಾರ ಒಂದೊಂದಾಗಿ ತಿಳಿಯುತ್ತದೆ. ಹಾರುಬೆಕ್ಕು (ಹಾರುವ ಅಳಿಲು) ಒಂದು ಹಲಸಿನ ಮರದ ತುದಿಯಿಂದ ಇನ್ನೊಂದು ಮರದ ಬುಡಕ್ಕೆ ತೇಲಿ ಹೋಗುವುದು ಕಾಣುತ್ತದೆ. ಬಗನೆ ಹಣ್ಣಿಗೆ ಬಂದ ಕಬ್ಬೆಕ್ಕಿನ ಸದ್ದು ಕೇಳುತ್ತದೆ. ನತ್ತಿಂಗ ಹಕ್ಕಿ ಬೆಟ್ಟದಿಂದ ಟಕ್ ಟಕ್ ಟಕ್ ಅನ್ನುತ್ತದೆ. ಅದೃಷ್ಟ ಇದ್ದರೆ ಮೇಲಿನ ಕಾನಿನಲ್ಲಿ ಕಡವೆ ಒಮ್ಮೆಲೇ ಢಾಂಕ್ ಎಂದು ಕೂಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ದಿಕ್ಕಿನಿಂದ ಕಾಡುಕುರಿ ಬೊಗಳುತ್ತದೆ. ಚಿರತೆ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಎಂದು ಆ ಕೂಗುಗಳಿಂದಲೇ ಹೇಳಬಹುದು. ನಮ್ಮ ಊರಿನ ಹಿರಿಯರು ಹೇಳುತ್ತಾರೆ. ಇದನ್ನು ಹೇಳಿಕೊಡುವ ಒಬ್ಬ ಅಜ್ಜ ಜಗಲಿಯಲ್ಲಿದ್ದರೆ ಯಾವ ಪ್ರವಾಸಿಯೂ ಬೇಜಾರಿನಿಂದ ಎದ್ದು ಹೋಗುವುದಿಲ್ಲ.

ಮಳೆಗಾಲದ್ದೇ ಬೇರೆ ಲೋಕ. ಸಿದ್ದಾಪುರ ಸೀಮೆಯ ಕತ್ತಲೆಕಾನಿನಲ್ಲಿ ಸಿಕ್ಕ ಕುಂಬಾರ ಕಪ್ಪೆಯ ವಿಷಯ ಹೇಳಲೇಬೇಕು. 2014ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಜಾತಿ ಎಂದು ಜಗತ್ತಿಗೆ ಪರಿಚಯಿಸಿದರು. ತೊರೆಯ ಪಕ್ಕ ನೀರಿನಿಂದ ಮೇಲೆ, ಕಡ್ಡಿಯ ಮೇಲೋ ಬೇರಿನ ಮೇಲೋ ಹೆಣ್ಣು ಮೊಟ್ಟೆ ಇಡುತ್ತದೆ. ಆಮೇಲೆ ಗಂಡು ಕೆಳಗಿಳಿದು, ಮುಂಗಾಲುಗಳಲ್ಲಿ ಕೆಸರು ಎತ್ತಿಕೊಂಡು, ಹಿಂಗಾಲ ಮೇಲೆ ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಇಳಿಯುತ್ತದೆ, ಮತ್ತೆ ಕೆಸರು ತರುತ್ತದೆ. ಎಲ್ಲವೂ ರಾತ್ರಿಯೇ, ಸುರಿಯುವ ಮಳೆಯಲ್ಲಿ. ಇಂಥದ್ದು ನಡೆಯುವ ತೊರೆಯೊಳಗೆ ಹತ್ತು ಜನ ಬೂಟು ಹಾಕಿಕೊಂಡು ಇಳಿದರೆ ಮೆತ್ತಿದ ಮೊಟ್ಟೆ ಉಳಿಯುತ್ತದಾ? ಇದನ್ನು ನೋಡುವ ಆಸೆ ಇರುವವರಿಗೆ ಒಂದು ದಾರಿ ಮಾಡಿಕೊಡಿ. ಕಾಡಿನೊಳಗೆ ಅಲ್ಲ, ಊರಂಚಿನ ಗದ್ದೆ, ಹಳ್ಳದ ಪಕ್ಕ. ಮೂರ್ನಾಲ್ಕು ಜನ, ಇಲಾಖೆಯಿಂದ ತರಬೇತಿ ಪಡೆದ ಊರಿನ ಹುಡುಗ ಅಥವಾ ಹುಡುಗಿ, ಸಣ್ಣ ಕೆಂಪು ಬೆಳಕು, ಫ್ಲ್ಯಾಶ್ ಇಲ್ಲ, ನೀರಿಗೆ ಕಾಲಿಡುವುದಿಲ್ಲ. ಅದಕ್ಕೆ ಪರವಾನಗಿ, ಶುಲ್ಕ, ದಾಖಲೆ ಎಲ್ಲ ಇರಲಿ. ಎಲ್ಲಿ ಯಾವ ಹೊತ್ತಿಗೆ ಯಾರು ಇದ್ದಾರೆ ಎಂಬುದು ಆ ದಿನದ ಗಾರ್ಡ್‌ಗೆ ಮೊದಲೇ ಗೊತ್ತಿರಲಿ. ಆಗ ಗೊತ್ತಿಲ್ಲದ ಬೆಳಕು ಕಂಡ ಕೂಡಲೇ ಅವನು ಅನುಮಾನವಿಲ್ಲದೆ ಹೊರಡಬಹುದು. ಬೇಸಿಗೆಯಲ್ಲಂತೂ ಸಿದ್ದಾಪುರದ ಕಡೆ ದರಕಿನ (ಒಣಗಿ ಬಿದ್ದ ಎಲೆಗಳ) ಮೇಲೆ ಜನರನ್ನು ನಡೆಸುವುದೇ ಬೇಡ. ಮಂಗನ ಕಾಯಿಲೆಯ ಉಣ್ಣೆ ಅಲ್ಲೇ ಇರುತ್ತದೆ.

ಫೋಟೊ ತೆಗೆಯುವವರಿಗೂ ಒಂದು ಮಾತು. ಗಣೇಶಗುಡಿ ಸುತ್ತ ಕಪ್ಪೆಬಾಯಿ ಹಕ್ಕಿ ನೋಡಲೆಂದೇ ಎಷ್ಟೋ ಜನ ಬರುತ್ತಾರೆ. ಒಣ ಎಲೆಯ ಬಣ್ಣದ, ಅಗಲ ಬಾಯಿಯ ಈ ಹಕ್ಕಿ ಇಡುವುದು ಒಂದೇ ಮೊಟ್ಟೆ. ಹಗಲೆಲ್ಲ ಗಂಡು ಕಾವು ಕೂರುತ್ತದೆ. ರಾತ್ರಿ ಮೊಬೈಲಿನಲ್ಲಿ ಅದರ ಕೂಗು ಹಾಕಿ ಹತ್ತಿರ ಕರೆಸಿಕೊಂಡು ಮುಖಕ್ಕೆ ಫ್ಲ್ಯಾಶ್ ಹೊಡೆದರೆ, ಗೂಡಿನ ಕಡೆಗಿರಬೇಕಾದ ಅದರ ಗಮನ ನಿಮ್ಮ ಕಡೆ ಬರುತ್ತದೆ. ಆ ಒಂದು ಮೊಟ್ಟೆ ಹೋದರೆ ಅಲ್ಲಿಗೆ ಮುಗಿಯಿತು. ದಯವಿಟ್ಟು ಬೇಡ. ನಿಮ್ಮ ಹತ್ತಿರ ಒಳ್ಳೆಯ ಕ್ಯಾಮೆರಾ ಇದೆ, ಹಗಲಲ್ಲಿ ದೂರದಿಂದ ತೆಗೆಯಿರಿ.

ನಿಮ್ಮ ಇಲಾಖೆಗೆ ಇದೇನೂ ಹೊಸ ಕೆಲಸ ಅಲ್ಲ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ, ಕಾರವಾರದ ದಡದಲ್ಲಿ ಕಡಲಾಮೆಗಳು ರಾತ್ರಿ ಬಂದು ಮೊಟ್ಟೆ ಇಟ್ಟಾಗ ನಿಮ್ಮ ಸಿಬ್ಬಂದಿ ಮೀನುಗಾರರ ಜೊತೆ ಸೇರಿ ಬಲೆ ಕಟ್ಟಿ ಕಾಯುತ್ತಾರೆ. ಮರಿಗಳು ದಡದ ದೀಪದ ಕಡೆ ಹೋಗಿ ದಾರಿ ತಪ್ಪದಂತೆ ಸಮುದ್ರಕ್ಕೆ ಬಿಡುತ್ತಾರೆ. ಅದನ್ನು ನೋಡಿ ನಾನು ಹೆಮ್ಮೆಪಟ್ಟಿದ್ದೇನೆ. ಬೆಳಕು ಪ್ರಾಣಿಗಳಿಗೆ ಏನು ಮಾಡುತ್ತದೆ ಎಂಬುದು ಕರಾವಳಿಯ ನಿಮ್ಮ ಸಿಬ್ಬಂದಿಗೆ ಗೊತ್ತು. ಆ ಕಾಳಜಿ ಘಟ್ಟದ ಮೇಲೂ ಕಾಣಲಿ.

ಅಕ್ಟೋಬರ್ ರಜೆ ಶುರುವಾದರೆ ಡಿಸೆಂಬರ್ ಕೊನೆಯವರೆಗೂ ನಮ್ಮ ರಸ್ತೆಗಳಲ್ಲಿ ಬೇರೆ ಊರಿನ ವಾಹನಗಳೇ. ಆದೇಶ ಅದಕ್ಕೂ ಮೊದಲು ಹೊರಬರಬೇಕು, ಮತ್ತು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಕಾಣಬೇಕು. ಹೊರಡಿಸುವ ಮೊದಲು ಹೋಂಸ್ಟೇಯವರು, ಜೀಪಿನವರು, ತೋಟಿಗರು, ನಿಮ್ಮ ವಾಚರ್‌ಗಳು ಎಲ್ಲರನ್ನೂ ಒಂದು ಸಭೆಗೆ ಕರೆಯಿರಿ. ಶಿರಸಿಯಲ್ಲಾಗಲಿ, ದಾಂಡೇಲಿಯಲ್ಲಾಗಲಿ, ಎಲ್ಲಿ ಕರೆದರೂ ನಾನು ಬರುತ್ತೇನೆ. ತೋಟ ಹಾಳಾದ ನಮ್ಮ ಪಕ್ಕದವರೂ ಬರುತ್ತೇವೆ ಅಂದಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಯಲ್ಲಾಪುರ ತಾಲೂಕಿನ ಒಬ್ಬ ತೋಟಿಗ